ಹೆಸರಿಲ್ಲದ ಶಾಟ್‌ಗಳು

ವಿಡಿಯೊ ಸಂಗ್ರಹದಲ್ಲಿ ಹುಡುಕುವ ಬಗೆ ಎರಡು. ವಿಡಿಯೊ ಬಗ್ಗೆ ಯಾರೋ ಬರೆದಿಟ್ಟದ್ದನ್ನು ಹುಡುಕುವುದು ಒಂದು: ಶೀರ್ಷಿಕೆ, ದಿನಾಂಕ, ವರದಿಗಾರನ ಹೆಸರು, ಶಾಟ್ ಪಟ್ಟಿ. ಚೌಕಟ್ಟಿನೊಳಗೆ ಕಣ್ಣಿಗೆ ಕಾಣುವುದನ್ನೇ ಹುಡುಕುವುದು ಇನ್ನೊಂದು: ಬಣ್ಣ, ಆಕಾರ, ಚಲನೆ, ವಸ್ತು, ಮುಖ, ಜಾಗ. ಮೊದಲನೆಯದು ಪುಸ್ತಕ ಭಂಡಾರಗಳ ಕಾಲದಿಂದ ಬಂದ ರೂಢಿ. ಎರಡನೆಯದು 1990ರ ದಶಕದಲ್ಲಿ ಪ್ರಯೋಗಾಲಯಗಳಲ್ಲಿ ಬೆಳೆದು, 2021ರ ನಂತರ ಸಾಮಾನ್ಯ ಸುದ್ದಿಮನೆಯ ಕಂಪ್ಯೂಟರಿಗೂ ಎಟುಕಿದೆ. ಭಾರತದ ಟಿ.ವಿ. ಚಿತ್ರ ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಓಡುತ್ತದೆ. ಒಂದು ಗಂಟೆಯ ಟೇಪಿನಲ್ಲಿ 90,000 ಚಿತ್ರಗಳು. ಅಷ್ಟನ್ನೂ ಮಾತಿನಲ್ಲಿ ಬರೆದಿಡುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಬರೆದದ್ದು ಸಿಗುತ್ತದೆ, ಬರೆಯದ್ದು ಕಪಾಟಿನಲ್ಲಿ ಇದ್ದೂ ಇಲ್ಲದ ಹಾಗೆ.

ಹಳೆಯ ಟೇಪುಗಳನ್ನು ಡಿಜಿಟಲ್ ಫೈಲುಗಳಾಗಿ ಮಾಡಿ ದೃಶ್ಯ ಹುಡುಕುವ ತಂತ್ರಾಂಶಕ್ಕೆ ಒಪ್ಪಿಸಿದಾಗ ಮೇಲೆದ್ದು ಬರುವುದು ಇಂಥ ಬರೆಯದ ದೃಶ್ಯಗಳೇ. ಬೆಂಗಳೂರಿನ ಒಂದು ಹಳೆಯ ಸುದ್ದಿ ಸಂಗ್ರಹದಲ್ಲಿ ಈಚೆಗೆ ‘ರಸ್ತೆ ಬದಿಯ ಹೂಬಳ್ಳಿಯ ಚಪ್ಪರ’ ಎಂದು ಕೇಳಿದಾಗ ಪರದೆಗೆ ಬಂದದ್ದು ಎಂ.ಜಿ. ರಸ್ತೆಯ ಬುಲೇವಾರ್ಡ್. ಮೆಟ್ರೊ ಕಾಮಗಾರಿ ಶುರುವಾಗುವ ಮುಂಚಿನ ನೆರಳು, ಕಾಗದದ ಹೂವಿನ ಬಳ್ಳಿ, ಕಲ್ಲುಬೆಂಚಿನ ಮೇಲೆ ಕೂತ ಒಬ್ಬ ಮುದುಕ. ಅದೆಲ್ಲದರ ಮುಂದೆ ವರದಿಗಾರ ಮೈಕು ಹಿಡಿದು ಪಿಟಿಸಿ ಕೊಡುತ್ತಿದ್ದಾನೆ, ಅಂದರೆ ಕ್ಯಾಮೆರಾ ನೋಡಿ ಮಾತಾಡುತ್ತಿದ್ದಾನೆ. ಟೇಪಿನ ಜೊತೆಗಿದ್ದ ಚೀಟಿಯಲ್ಲಿ ಇದ್ದದ್ದು ‘ಪೆಟ್ರೋಲ್ ದರ ಏರಿಕೆ, ಸಾರ್ವಜನಿಕರ ಬೈಟ್, ಪಿಟಿಸಿ’ ಎಂದಷ್ಟೇ; ಬೈಟ್ ಎಂದರೆ ಕ್ಯಾಮೆರಾ ಮುಂದೆ ಪಡೆದ ಹೇಳಿಕೆ. 2011ರ ಅಕ್ಟೋಬರ್ 20ರಂದು ಅದೇ ರಸ್ತೆ ಮತ್ತು ಬೈಯಪ್ಪನಹಳ್ಳಿಯ ನಡುವೆ ನಮ್ಮ ಮೆಟ್ರೊದ ಮೊದಲ ರೈಲು ಓಡುವ ಹೊತ್ತಿಗೆ ಆ ಬುಲೇವಾರ್ಡ್ ಮೊದಲಿನಂತಿರಲಿಲ್ಲ. ಪೆಟ್ರೋಲಿನ ಅಂದಿನ ದರ ಇಂದು ಯಾರಿಗೂ ಬೇಡ. ಹಿನ್ನೆಲೆಯ ಮರದ ಸಾಲು ಬೇಕು. ಇಂಥ ಒಂದು ಶಾಟು ಸಿಕ್ಕರೆ ಅದನ್ನು ಬರೆದಿಡದೆ ಬಿಟ್ಟ ಟೇಪ್ ಲೈಬ್ರರಿಯೂ, ಈ ಲೇಖಕನಂಥವರು ಕೆಲಸ ಕಲಿತ ಆ ತಣ್ಣನೆಯ ಕೋಣೆಯೂ, ಅದನ್ನು ನಡೆಸಿದವರೂ ಮತ್ತೆ ವಿಚಾರಕ್ಕೆ ಬರುತ್ತಾರೆ.

ಕನ್ನಡದಲ್ಲಿ ದಿನವಿಡೀ ಸುದ್ದಿ ಬಿತ್ತರಿಸುವ ವಾಹಿನಿಗಳು ಕಣ್ಣುಬಿಟ್ಟ 2000ರ ದಶಕದ ಮಧ್ಯಭಾಗದಲ್ಲಿ ಟೇಪ್ ಲೈಬ್ರರಿ ಎಂದರೆ ಕಟ್ಟಡದ ಒಳಭಾಗದ ಒಂದು ಕಿಟಕಿಯಿಲ್ಲದ ಕೋಣೆ. ಜನರಿಗೆ ಫ್ಯಾನ್ ಇಲ್ಲದಿದ್ದರೂ ಟೇಪಿಗೆ ಎ.ಸಿ. ಇರುತ್ತಿತ್ತು. ಕಬ್ಬಿಣದ ಕಪಾಟುಗಳಲ್ಲಿ ಎರಡು ಅಳತೆಯ ಬೀಟಾಕ್ಯಾಮ್ ಎಸ್‌ಪಿ ಕ್ಯಾಸೆಟ್ಟುಗಳು: ಕ್ಯಾಮೆರಾಗೆ ಹಾಕುವ 30 ನಿಮಿಷದ ಚಿಕ್ಕದು, ಸ್ಟುಡಿಯೊ ಯಂತ್ರಕ್ಕೆ ಹಾಕುವ 90 ನಿಮಿಷದ ದೊಡ್ಡದು. ಅವುಗಳ ಪಕ್ಕದಲ್ಲಿ ಆಗಷ್ಟೇ ಕಾಲಿಟ್ಟಿದ್ದ ಸಪೂರ ಡಿವಿಕ್ಯಾಮ್ ಟೇಪುಗಳು. ಬೆನ್ನಿನ ಸ್ಟಿಕ್ಕರಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದ ಸಂಖ್ಯೆ. ಮೇಜಿನ ಮೇಲೆ ರಟ್ಟು ಬೈಂಡಿನ ರಿಜಿಸ್ಟರು. ಒಳಗೆ ಹೋದ ಟೇಪು, ಹೊರಗೆ ಹೋದ ಟೇಪು, ತೆಗೆದುಕೊಂಡವರ ಸಹಿ.

ಕ್ಯಾಮೆರಾಮನ್ ಟೇಪಿನ ಜೊತೆ ಕೊಡುತ್ತಿದ್ದ ಚೀಟಿಗೆ ಡೋಪ್ ಶೀಟ್ ಎಂದು ಹೆಸರು. ಅದರಲ್ಲಿ ಜಾಗ, ದಿನಾಂಕ, ಮಾತಾಡಿದವರ ಹೆಸರು ಇರುತ್ತಿದ್ದವು. ಅದನ್ನು ನೋಡಿಕೊಂಡು, ಟೇಪನ್ನು ಓಡಿಸಿ, ಪ್ರತಿ ಫ್ರೇಮಿನ ಸಮಯದ ಗುರುತಾದ ಟೈಮ್‌ಕೋಡ್ ಸಮೇತ ಶಾಟ್ ಪಟ್ಟಿ ಬರೆಯುವುದು ಲೈಬ್ರರಿಯ ಕೆಲಸ. ‘ವಿಧಾನಸೌಧ ಜಿವಿ. ಸಿಎಂ ಕಾರಿನಿಂದ ಇಳಿಯುವುದು. ಬೈಟ್, ಕನ್ನಡ ಮತ್ತು ಇಂಗ್ಲಿಷ್. ಕಟ್‌ಅವೇ.’ ಇಷ್ಟಾದರೆ ಒಂದು ಟೇಪು ಮುಗಿಯಿತು. ಜಿವಿ ಎಂದರೆ ದೂರದಿಂದ ತೆಗೆದ ಒಟ್ಟು ನೋಟ. ಕಟ್‌ಅವೇ ಎಂದರೆ ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುವ ಪತ್ರಕರ್ತರ ಕೈ, ಕ್ಯಾಮೆರಾಗಳ ಸಾಲು, ನೋಡುತ್ತ ನಿಂತ ಜನ. ಬುಲೇವಾರ್ಡಿನ ಮುದುಕನಂಥವರೆಲ್ಲ ಈ ಎರಡು ಶಬ್ದಗಳ ಅಡಿಯಲ್ಲಿ ಸೇರಿಹೋಗುತ್ತಿದ್ದರು.

ಪಟ್ಟಿ ಎಷ್ಟೇ ಚುಟುಕಾಗಿದ್ದರೂ ಕೆಲಸ ಸಾಗುತ್ತಿತ್ತು. ಯಾಕೆಂದರೆ ಉಳಿದದ್ದು ಲೈಬ್ರರಿಯನ್ನು ನಡೆಸುತ್ತಿದ್ದ ಹಿರಿಯರ ತಲೆಯಲ್ಲಿ ಇರುತ್ತಿತ್ತು. ಗಾಂಧಿನಗರದ ಸಿನಿಮಾ ಎಡಿಟಿಂಗ್ ಕೋಣೆಗಳಲ್ಲಿ ಸಹಾಯಕರಾಗಿ ದುಡಿದು ಟಿ.ವಿ.ಗೆ ಬಂದ ಅಂಥವರೊಬ್ಬರನ್ನು ಎಲ್ಲರೂ ಬರೀ ‘ಸಾರ್’ ಎನ್ನುತ್ತಿದ್ದರು. ಬುಲೆಟಿನ್ನಿಗೆ ಮುಂಚೆ ಔಟ್‌ಪುಟ್ ಡೆಸ್ಕಿನಿಂದ ಹುಡುಗಿಯೊಬ್ಬಳು ಓಡಿ ಬರುತ್ತಾಳೆ.

“ಸಾರ್, ಮಳೇಲಿ ಮಕ್ಕಳು ಕೊಡೆ ಹಿಡ್ಕೊಂಡು ಸ್ಕೂಲಿಗೆ ಹೋಗೋದು ಬೇಕಿತ್ತು. ಹತ್ತೇ ನಿಮಿಷ ಇರೋದು.”

“ಬರೀ ಮಳೆ ಇದ್ರೆ ಸಾಕೋ, ಮಕ್ಕಳೇ ಆಗ್ಬೇಕೋ?”

“ಮಕ್ಕಳೇ ಬೇಕು ಸಾರ್. ರಜೆ ಕೊಟ್ಟಿರೋ ಸುದ್ದಿ.”

“ಹಂಗಾದ್ರೆ ಹೋದ ವರ್ಷದ ಮಡಿಕೇರಿ ಟೇಪು ತಗೋ ಮಗಾ. ರಸ್ತೆ ಕುಸಿದಿದ್ದು ಬೈಟ್ ಆದ್ಮೇಲೆ ಐತೆ ನೋಡು. ಒಂದು ಮಗು ಕೊಡೆ ಉಲ್ಟಾ ಆಗತ್ತೆ.”

ಕೊಡೆ ತಿರುವು ಮುರುವಾದ ಮಗು ಯಾವ ಪಟ್ಟಿಯಲ್ಲೂ ಇರಲಿಲ್ಲ. ಟೇಪು ಯಂತ್ರದೊಳಗೆ ಹೋದ ಮೇಲೆ ಅವರ ಬಲಗೈ ಶಟಲ್ ಗುಂಡಿಯ ಮೇಲೆ ಇರುತ್ತಿತ್ತು. ಬಲಕ್ಕೆ ತಿರುಗಿಸಿದರೆ ಚಿತ್ರ ಬಿಳಿಗೆರೆಗಳ ನಡುವೆ ಮುಂದಕ್ಕೆ ಹಾರುತ್ತದೆ, ಎಡಕ್ಕೆ ತಿರುಗಿಸಿದರೆ ಹಿಂದಕ್ಕೆ. ಅವರು ಟೈಮ್‌ಕೋಡನ್ನು ನೋಡುತ್ತಿರಲಿಲ್ಲ. ಬಣ್ಣ ಬದಲಾಗುವುದನ್ನು ನೋಡುತ್ತಿದ್ದರು. ಮಡಿಕೇರಿಯ ಮಂಜಿನ ಬೂದು ಹೋಗಿ ಕೆಮ್ಮಣ್ಣು ಬಂದರೆ ಕುಸಿದ ರಸ್ತೆ, ಕೆಮ್ಮಣ್ಣು ಹೋಗಿ ನೀಲಿ ಸಮವಸ್ತ್ರ ಕಂಡರೆ ಮಕ್ಕಳು. ಗುಂಡಿ ನಿಂತ ಕಡೆ ಇನ್ ಪಾಯಿಂಟ್, ಅಂದರೆ ಬೇಕಾದ ತುಣುಕು ಶುರುವಾಗುವ ಜಾಗ. ಬಣ್ಣದ ಹಂಚಿಕೆ ಬದಲಾದಲ್ಲಿ ಶಾಟು ಬದಲಾಗಿದೆ ಎಂದು ಗುರುತಿಸುವುದು, ‘ಇದೋ, ಅದೋ’ ಎಂದು ಕೇಳಿ ಹುಡುಕಾಟವನ್ನು ಕಿರಿದು ಮಾಡುವುದು, ಇವೆರಡೂ ಸಂಶೋಧಕರು ಅದೇ ದಶಕದಲ್ಲಿ ಯಂತ್ರಕ್ಕೆ ಕಲಿಸಲು ಹೆಣಗುತ್ತಿದ್ದ ಪಾಠಗಳು. ಆ ಕೋಣೆಯಲ್ಲಿ ಇದ್ದ ಯಾರಿಗೂ ಆ ಸಂಗತಿ ಗೊತ್ತಿರಲಿಲ್ಲ.

ಈ ನೆನಪಿನ ಶಕ್ತಿಯ ಬೆಲೆ ಸುದ್ದಿಮನೆಗೆ ತಿಳಿಯುತ್ತಿದ್ದದ್ದು ಸಾವಿನ ದಿನಗಳಲ್ಲಿ. 2009ರ ಡಿಸೆಂಬರ್ 29ರಂದು ಸಿ. ಅಶ್ವಥ್ ತೀರಿಕೊಂಡರು. ಗಾಯಕನ ಹಳೆಯ ವೇದಿಕೆಗಳ ಟೇಪುಗಳು ಇನ್ನೂ ಮೇಜಿನ ಮೇಲೆ ಹರಡಿದ್ದಾಗಲೇ, ಮರುದಿನ ಬೆಳಗಿನ ಜಾವ ವಿಷ್ಣುವರ್ಧನ್ ಇಲ್ಲವೆಂಬ ಸುದ್ದಿ ಬಂತು. ಅಂಥ ದಿನ ನಿರೂಪಕರ ಮಾತು ಗಂಟೆಗಟ್ಟಲೆ ನಡೆದರೂ ಪರದೆಯ ಮೇಲೆ ಚಿತ್ರ ಬದಲಾಗುತ್ತಲೇ ಇರಬೇಕು. ಇಬ್ಬರೂ ಒಂದೇ ಸಮಾರಂಭದಲ್ಲಿ ಕೂತ ಶಾಟು ಇದೆಯೇ, ನಟ ಕ್ರಿಕೆಟ್ ಆಡಿದ್ದು ಇದೆಯೇ, ಪತ್ನಿಯ ಜೊತೆ ದೇವಸ್ಥಾನಕ್ಕೆ ಹೋದದ್ದು ಇದೆಯೇ ಎಂದು ಡೆಸ್ಕು ಕೇಳುತ್ತಿತ್ತು. ಲೈಬ್ರರಿ ರಿಜಿಸ್ಟರು ತೆರೆಯದೆ ಟೇಪಿನ ಸಂಖ್ಯೆ ಹೇಳುತ್ತಿತ್ತು.

ಆ ಹಿರಿಯರ ಬಗ್ಗೆ ಅಕ್ಕರೆಯಿಂದ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಅವರ ನೆನಪು ಎಲ್ಲವನ್ನೂ ಸಮನಾಗಿ ಕಾಣುತ್ತಿರಲಿಲ್ಲ. ಮಂತ್ರಿಗೆ, ನಟನಿಗೆ, ಮಠಾಧೀಶರಿಗೆ ಹೆಸರು ಇತ್ತು; ಉಳಿದವರು ‘ಸಾರ್ವಜನಿಕರು’, ‘ಮಹಿಳೆಯರು’, ‘ಕೂಲಿ ಕಾರ್ಮಿಕರು’. ರಾಯಚೂರು, ಬೀದರ್, ಚಾಮರಾಜನಗರದ ವರದಿಗಾರರು ಬಸ್ಸಿನಲ್ಲಿ ಕಳಿಸಿದ ಟೇಪುಗಳಿಗೆ ಪಟ್ಟಿ ಬರೆಯುವ ಸರದಿ ಕೊನೆಗೆ ಬರುತ್ತಿತ್ತು, ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ತಮಗೆ ನೆನಪಿದೆ ಎಂಬ ಭರವಸೆಯಲ್ಲಿ ಅವರು ಕಡಿಮೆ ಬರೆದರು. ತಾವಿಲ್ಲದೆ ನಡೆಯದು ಎಂಬ ಹೆಮ್ಮೆಯೂ ಅದರಲ್ಲಿ ಸೇರಿತ್ತು. ಸಂಬಳ ಸಣ್ಣದಾಗಿದ್ದ ಕೆಲಸದಲ್ಲಿ ಆ ಹೆಮ್ಮೆಯೇ ಇದ್ದ ಒಂದು ಭದ್ರತೆ. ಅವರು ನಿವೃತ್ತರಾದ ಮೇಲೆ ಕಪಾಟಿನ ಎಷ್ಟೋ ಭಾಗ ಮೂಕವಾಯಿತು.

ಇನ್ನೂ ಕೆಟ್ಟದ್ದು ಟೇಪಿನ ಮರುಬಳಕೆ. ಹೊಸ ಟೇಪಿಗೆ ದುಡ್ಡು ಬೇಕು. ಪ್ರಸಾರವಾದ ಸುದ್ದಿಯ ತುಣುಕನ್ನು ಬೇರೆ ಟೇಪಿಗೆ ಇಳಿಸಿಕೊಂಡು, ಎಡಿಟ್ ಮಾಡದ ಮೂಲ ಚಿತ್ರಣವಾದ ರಶಸ್ಸನ್ನು ಇರೇಸರ್ ಯಂತ್ರದ ಕಾಂತಕ್ಷೇತ್ರಕ್ಕೆ ಒಡ್ಡಿ ಅಳಿಸಿ ಮತ್ತೆ ಕ್ಯಾಮೆರಾಗೆ ಕೊಡುವುದು ರೂಢಿ. ಯಾವ ಟೇಪು ಅಳಿಸಬಹುದು ಎಂದು ತೀರ್ಮಾನಿಸುತ್ತಿದ್ದದ್ದು ಪಟ್ಟಿ ನೋಡಿ. ಪಟ್ಟಿಯಲ್ಲಿ ದೊಡ್ಡ ಹೆಸರು ಇಲ್ಲದಿದ್ದರೆ ಟೇಪು ಖಾಲಿಯಾಗುತ್ತಿತ್ತು. ಹೀಗೆ ಹುಡುಕಲು ಬಾರದ್ದು ಉಳಿಯಲೂ ಇಲ್ಲ. ಇದು ಒಂದೂರಿನ ಕಥೆಯಲ್ಲ. 1960ರ ದಶಕದ ತನ್ನ ಕಾರ್ಯಕ್ರಮಗಳಲ್ಲಿ ಎಷ್ಟನ್ನೋ ಬಿಬಿಸಿ ಕೂಡ ಅಳಿಸಿ ಟೇಪು ಉಳಿಸಿತ್ತು. ಬುಲೇವಾರ್ಡಿನ ಶಾಟು ಉಳಿದದ್ದು ಯಾರ ಮುನ್ನೋಟದಿಂದಲೂ ಅಲ್ಲ, ಆ ಟೇಪಿನಲ್ಲೇ ಮುಂದೆ ಒಬ್ಬ ಮಂತ್ರಿಯ ಬೈಟ್ ಇದ್ದದ್ದರಿಂದ.

ಕಂಪ್ಯೂಟರ್ ಬಂದಾಗ ಈ ತೊಂದರೆ ತೀರಲಿಲ್ಲ, ಕೋಣೆ ಬದಲಾಯಿಸಿತು. ಟೇಪು ಹೋಗಿ ಸರ್ವರ್ ಬಂತು. ಟೇಪನ್ನು ಓಡಿಸಿ ಫೈಲು ಮಾಡುವ ಕೆಲಸಕ್ಕೆ ಇಂಜೆಸ್ಟ್ ಎಂಬ ವಿಭಾಗ ಹುಟ್ಟಿತು. ಡಿವಿ ಮಾದರಿಯ ಚಿತ್ರ ಸೆಕೆಂಡಿಗೆ 25 ಮೆಗಾಬಿಟ್. ಧ್ವನಿಯೂ ಸೇರಿ ಗಂಟೆಗೆ ಸುಮಾರು 13 ಜಿ.ಬಿ. ಜಾಗ ಬೇಕಿತ್ತು. ಆ ಜಾಗದ ಚಿಂತೆಯಲ್ಲಿ ವಿವರ ಬರೆಯುವವರನ್ನು ನೇಮಿಸುವ ಮಾತು ಹಿಂದೆ ಬಿತ್ತು. ಫೈಲಿಗೆ ‘ರೈನ್ 2 ಫೈನಲ್ ನ್ಯೂ’ ಎಂಬಂಥ ಹೆಸರುಗಳು ಬಿದ್ದವು. ಕನ್ನಡದಲ್ಲೇ ಶ್ರದ್ಧೆಯಿಂದ ಟೈಪು ಮಾಡಿದ ಪಟ್ಟಿಗಳ ಗತಿ ಇನ್ನೊಂದು. ಆಗ ಬಳಕೆಯಲ್ಲಿದ್ದ ಹಲವು ಫಾಂಟುಗಳು ಯುನಿಕೋಡಿನವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದವು. ಹೊಸ ವ್ಯವಸ್ಥೆಗೆ ಸಾಗಿಸಿದಾಗ ಆ ಪಟ್ಟಿಗಳು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾದವು. ಪರಿವರ್ತಕ ತಂತ್ರಾಂಶಗಳಿಂದ ಅವನ್ನು ಮರಳಿ ಪಡೆಯಬಹುದಿತ್ತು. ಅಂಥ ಕೆಲಸಕ್ಕೆ ಸುದ್ದಿಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ.

ದೃಶ್ಯದಿಂದಲೇ ಹುಡುಕುವ ಪ್ರಯತ್ನ ಆ ಹೊತ್ತಿಗಾಗಲೇ ಬೇರೆ ಕಡೆ ನಡೆದಿತ್ತು. 1991ರಲ್ಲಿ ಮೈಕೆಲ್ ಸ್ವೇನ್ ಮತ್ತು ಡೇನಾ ಬ್ಯಾಲಾರ್ಡ್, ಒಂದು ಚಿತ್ರದಲ್ಲಿ ಯಾವ ಬಣ್ಣ ಎಷ್ಟಿದೆ ಎಂಬ ಹಿಸ್ಟೋಗ್ರಾಮ್ ಲೆಕ್ಕವೇ ಆ ಚಿತ್ರದ ಗುರುತಾಗಬಲ್ಲದೆಂದು ತೋರಿಸಿದರು. 1990ರ ದಶಕದ ಮಧ್ಯದಲ್ಲಿ ಐಬಿಎಂನ ಕ್ಯೂಬಿಕ್ ವ್ಯವಸ್ಥೆ ಬಣ್ಣ, ಆಕಾರ, ಮೇಲ್ಮೈ ವಿನ್ಯಾಸ ಕೊಟ್ಟು ಚಿತ್ರ ಹುಡುಕುವ ಅವಕಾಶ ಒದಗಿಸಿತು. ವಿಡಿಯೊದಲ್ಲಿ ಮೊದಲ ಹೆಜ್ಜೆ ಶಾಟುಗಳನ್ನು ಬಿಡಿಸುವುದು. ಅಕ್ಕಪಕ್ಕದ ಫ್ರೇಮುಗಳ ಹಿಸ್ಟೋಗ್ರಾಮ್ ಹೋಲಿಸಿ, ವ್ಯತ್ಯಾಸ ದಿಢೀರನೆ ಏರಿದ ಕಡೆ ‘ಕಟ್’ ಎಂದು ಗುರುತು ಹಾಕುವುದು. ನಂತರ ಪ್ರತಿ ಶಾಟನ್ನು ಪ್ರತಿನಿಧಿಸುವ ಒಂದೆರಡು ಕೀಫ್ರೇಮ್ ಆರಿಸಿ ಸೂಚಿಗೆ ಸೇರಿಸುವುದು. ಪತ್ರಿಕಾಗೋಷ್ಠಿಯಲ್ಲಿ ಫೋಟೊಗ್ರಾಫರುಗಳ ಫ್ಲಾಶ್ ಮಿಂಚಿದರೆ ಯಂತ್ರ ಅದನ್ನೂ ಕಟ್ ಎಂದುಕೊಳ್ಳುತ್ತಿತ್ತು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಬಂದರೆ ಕಟ್ಟೇ ಇಲ್ಲ ಎನ್ನುತ್ತಿತ್ತು.

ಬಣ್ಣದ ಲೆಕ್ಕಕ್ಕೆ ಮಿತಿಯೂ ಬೇಗ ಕಂಡಿತು. ರಾಜ್ಯೋತ್ಸವದ ಮೆರವಣಿಗೆಯ ಹಳದಿ ಕೆಂಪು ಬಾವುಟಗಳನ್ನು ಕೊಟ್ಟರೆ ಆಯುಧಪೂಜೆಯ ಚೆಂಡುಹೂವಿನ ರಾಶಿಯೂ ಯಂತ್ರದ ಕಣ್ಣಿಗೆ ಅದೇ. ಅಂಕಿಗಳಲ್ಲಿ ಕಾಣುವ ಬಣ್ಣಕ್ಕೂ ನೋಡುವವನ ಮನಸ್ಸಿನ ಅರ್ಥಕ್ಕೂ ನಡುವಿನ ಈ ಅಂತರವನ್ನೇ ಆರ್ನಾಲ್ಡ್ ಸ್ಮೋಲ್ಡರ್ಸ್, ರಮೇಶ್ ಜೈನ್ ಮೊದಲಾದವರು 2000ರ ಸಮೀಕ್ಷಾ ಲೇಖನದಲ್ಲಿ ಈ ಕ್ಷೇತ್ರದ ಮುಖ್ಯ ಸಮಸ್ಯೆಯೆಂದು ಗುರುತಿಸಿದರು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಶುರುವಾದ ಇನ್‌ಫಾರ್ಮೀಡಿಯಾ ಯೋಜನೆ ಬೇರೆ ದಾರಿ ಹಿಡಿದಿತ್ತು: ಸುದ್ದಿಯಲ್ಲಿ ಆಡಿದ ಮಾತನ್ನು ಯಂತ್ರದಿಂದ ಬರಹಕ್ಕಿಳಿಸಿ, ಪರದೆಯ ಮೇಲಿನ ಅಕ್ಷರ ಓದಿ, ಚಿತ್ರದ ವಿಶ್ಲೇಷಣೆಯನ್ನು ಅವುಗಳ ಜೊತೆ ಬೆಸೆಯುವುದು.

ಇವುಗಳಲ್ಲಿ ಯಾವುದು ಮೇಲು ಎಂದು ಅಳೆಯಲು ಒಂದೇ ಸಂಗ್ರಹ, ಒಂದೇ ಪ್ರಶ್ನೆಪತ್ರಿಕೆ ಬೇಕಿತ್ತು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2001ರಲ್ಲಿ ಸುಮಾರು 11 ಗಂಟೆಗಳ ವಿಡಿಯೊದೊಂದಿಗೆ ಅಂಥ ಪರೀಕ್ಷೆ ಆರಂಭಿಸಿತು. 2003ರಿಂದ ಅದು ಟ್ರೆಕ್‌ವಿಡ್ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ನಡೆಯಿತು. ಎಬಿಸಿ, ಸಿಎನ್‌ಎನ್ ಸುದ್ದಿಗಳು, ಮುಂದೆ ನೆದರ್ಲೆಂಡ್ಸಿನ ರಾಷ್ಟ್ರೀಯ ದೃಶ್ಯ-ಶ್ರಾವ್ಯ ಭಂಡಾರದ ಕಾರ್ಯಕ್ರಮಗಳು, ಬಿಬಿಸಿಯ ರಶಸ್ಸು ಅದರ ಸಾಮಗ್ರಿಯಾದವು. ಶಾಟ್ ಬಿಡಿಸುವ ಪರೀಕ್ಷೆ ಸಾಕಷ್ಟು ಪಳಗಿತೆಂದು 2007ರ ಬಳಿಕ ಅದನ್ನು ಕೈಬಿಡಲಾಯಿತು. ಹುಡುಕಾಟದಲ್ಲಿ ಮಾತ್ರ ಬಹುಕಾಲ ಒಂದು ಮುಜುಗರದ ಸತ್ಯ ಉಳಿಯಿತು: ಸುದ್ದಿಯ ವಿಡಿಯೊದಲ್ಲಿ ಹೆಚ್ಚು ನೆರವಾಗುತ್ತಿದ್ದದ್ದು ಆಡಿದ ಮಾತಿನ ಬರಹವೇ, ಚಿತ್ರವಲ್ಲ. ಮಾತೇ ಇಲ್ಲದ ರಶಸ್ಸಿನಲ್ಲಿ, ಮಾತಿಗೂ ಚಿತ್ರಕ್ಕೂ ಸಂಬಂಧವಿಲ್ಲದ ಬುಲೇವಾರ್ಡಿನಂಥ ಶಾಟುಗಳಲ್ಲಿ, ಯಂತ್ರ ಕೈಚೆಲ್ಲುತ್ತಿತ್ತು.

ದಾರಿ ತೆರೆದ ಹೆಜ್ಜೆಗಳು ಮೂರು. 2003ರಲ್ಲಿ ಆಕ್ಸ್‌ಫರ್ಡಿನ ಜೋಸೆಫ್ ಸಿವಿಕ್ ಮತ್ತು ಆಂಡ್ರ್ಯೂ ಝಿಸ್ಸರ್‌ಮನ್, ಚಿತ್ರದ ಸಣ್ಣ ಸಣ್ಣ ತುಣುಕುಗಳನ್ನು ಪದಗಳಂತೆ ಎಣಿಸಿ, ಪುಸ್ತಕದ ಕೊನೆಯಲ್ಲಿರುವಂಥ ಪದಸೂಚಿಯನ್ನು ಸಿನಿಮಾಗಳಿಗೆ ಕಟ್ಟಿದರು. ಚೌಕಟ್ಟಿನ ಒಂದು ವಸ್ತುವಿನ ಸುತ್ತ ಗೆರೆ ಎಳೆದರೆ, ಅದೇ ವಸ್ತು ಇಡೀ ಸಿನಿಮಾದಲ್ಲಿ ಎಲ್ಲೆಲ್ಲಿದೆ ಎಂದು ಸಿಗುತ್ತಿತ್ತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್‌ನೆಟ್ ಎಂಬ ನರಜಾಲ, ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಚಿತ್ರ ಗುರುತಿಸುವ ತಪ್ಪಿನ ಪ್ರಮಾಣವನ್ನು ಸಮೀಪ ಸ್ಪರ್ಧಿಯ ಶೇ 26ರ ಆಸುಪಾಸಿನಿಂದ ಶೇ 15ಕ್ಕೆ ಇಳಿಸಿತು. ಆಗಲೂ ಯಂತ್ರಕ್ಕೆ ಗೊತ್ತಿದ್ದದ್ದು ಮೊದಲೇ ಹೆಸರಿಟ್ಟು ಕಲಿಸಿದ ವರ್ಗಗಳಷ್ಟೇ. 2021ರ ಜನವರಿಯಲ್ಲಿ ಓಪನ್‌ಎಐ ಹೊರತಂದ ಕ್ಲಿಪ್ ಮಾದರಿ ಆ ಕಟ್ಟನ್ನು ಸಡಿಲಿಸಿತು. ಅಂತರ್ಜಾಲದ 40 ಕೋಟಿ ಚಿತ್ರ-ಬರಹ ಜೋಡಿಗಳಿಂದ ಕಲಿತ ಅದು, ಚಿತ್ರವನ್ನೂ ವಾಕ್ಯವನ್ನೂ ಒಂದೇ ಬಗೆಯ ಅಂಕಿಗಳ ಸಾಲಾಗಿ ಮಾರ್ಪಡಿಸುತ್ತದೆ. ಹೊಂದುವ ಚಿತ್ರ ಮತ್ತು ವಾಕ್ಯದ ಸಾಲುಗಳು ಹತ್ತಿರ ಬೀಳುತ್ತವೆ, ಹೊಂದದವು ದೂರ.

ಈಗಿನ ಹುಡುಕಾಟದ ಕ್ರಮ ಇದರ ಮೇಲೆ ನಿಂತಿದೆ. ವಿಡಿಯೊದಿಂದ ಸೆಕೆಂಡಿಗೊಂದು ಫ್ರೇಮ್ ತೆಗೆದರೆ ಗಂಟೆಗೆ 3,600 ಚಿತ್ರ. ಪ್ರತಿಯೊಂದೂ ಕ್ಲಿಪ್‌ನ ಒಂದು ಸಾಮಾನ್ಯ ಮಾದರಿಯಲ್ಲಿ 512 ಅಂಕಿಗಳ ಸಾಲಾಗುತ್ತದೆ. 13 ಜಿ.ಬಿ. ವಿಡಿಯೊದ ಸೂಚಿ 7 ಎಂ.ಬಿ.ಯಷ್ಟರಲ್ಲಿ ಮುಗಿಯುತ್ತದೆ. ಕೇಳಿದ ವಾಕ್ಯವೂ ಅಂಥದೇ ಸಾಲಾಗಿ, ಅತಿ ಸಮೀಪದ ಚಿತ್ರಗಳು ಕ್ಷಣಾರ್ಧದಲ್ಲಿ ಪರದೆಗೆ ಬರುತ್ತವೆ. ಇಷ್ಟಾದರೂ ಮನುಷ್ಯನ ಕಣ್ಣಿಗೆ ಕೆಲಸ ತಪ್ಪಿಲ್ಲ. 2012ರಿಂದ ಪ್ರತಿವರ್ಷ ನಡೆಯುವ ವಿಡಿಯೊ ಬ್ರೌಸರ್ ಶೋಡೌನ್ ಸ್ಪರ್ಧೆಯಲ್ಲಿ ತುಣುಕೊಂದನ್ನು ತೋರಿಸಿ, ದೊಡ್ಡ ಸಂಗ್ರಹದಿಂದ ಅದನ್ನು ಕೆಲವೇ ನಿಮಿಷಗಳಲ್ಲಿ ಹುಡುಕಿಕೊಡಲು ಹೇಳುತ್ತಾರೆ. ಯಂತ್ರವನ್ನು ಓಡಿಸುವವರ ಚುರುಕೂ ಅಲ್ಲಿ ಫಲಿತಾಂಶದ ಭಾಗ.

ಕನ್ನಡದ ಸಂಗ್ರಹಕ್ಕೆ ಇದನ್ನು ತಂದಾಗ ಬೇರೆ ತೊಡಕುಗಳು ಏಳುತ್ತವೆ. ಮೂಲ ಕ್ಲಿಪ್ ಕಲಿತದ್ದು ಬಹುಪಾಲು ಇಂಗ್ಲಿಷ್ ಬರಹದಿಂದ. ಕನ್ನಡದ ಪ್ರಶ್ನೆಯನ್ನು ಅನುವಾದಿಸಿ ಕೊಡಬೇಕು, ಇಲ್ಲವೇ ಹಲವು ಭಾಷೆ ಕಲಿತ ನಂತರದ ಮಾದರಿಗಳನ್ನು ಬಳಸಬೇಕು. ಭಾಷೆ ದಾಟಿದರೂ ನೋಟ ದಾಟುವುದಿಲ್ಲ. ‘ಕರಗ’ ಎಂದರೆ ತಲೆಯ ಮೇಲೆ ಹೂ ಹೊತ್ತ ಯಾರಾದರೂ ಬರಬಹುದು. ಪಳಗಿದವರು ಹೆಸರು ಬಿಟ್ಟು ಕಾಣುವುದನ್ನು ಹೇಳುತ್ತಾರೆ: ‘ರಾತ್ರಿ, ತಲೆಯ ಮೇಲೆ ಮಲ್ಲಿಗೆಯ ಗೋಪುರ, ಸುತ್ತ ಬರಿಮೈಯಲ್ಲಿ ಕತ್ತಿ ಹಿಡಿದ ಗಂಡಸರು’. ಕಂಬಳಕ್ಕೆ ‘ಕೆಸರುಗದ್ದೆಯಲ್ಲಿ ಜೋಡಿ ಕೋಣಗಳ ಓಟ’. ಹೀಗೆ ಕೇಳಿದರೆ ಪಟ್ಟಿಯೇ ಇಲ್ಲದ ಜಿಲ್ಲೆಯ ಟೇಪುಗಳೂ ಬಾಯಿಬಿಡುತ್ತವೆ. ಲೈಬ್ರರಿಯ ಸರದಿಯಲ್ಲಿ ಕೊನೆಗೆ ನಿಂತಿದ್ದ ಬೀದರಿನ ಟೇಪಿಗೂ ವಿಧಾನಸೌಧದ ಟೇಪಿಗೂ ಯಂತ್ರದ ಎದುರು ಭೇದವಿಲ್ಲ. ಹಳೆಯ ವ್ಯವಸ್ಥೆಗಿಂತ ಇದು ನಿಸ್ಸಂಶಯವಾಗಿ ನ್ಯಾಯವಾದದ್ದು.

ಯಂತ್ರಕ್ಕೆ ಕಾಣದ್ದು ಚೌಕಟ್ಟಿನ ಹೊರಗಿನದು. ನೆರೆನೀರಿನಲ್ಲಿ ಮುಳುಗಿದ ಸೇತುವೆಯನ್ನು ಅದು ಕೊಡುತ್ತದೆ. ಯಾವ ವರ್ಷದ ನೆರೆ, ಯಾವ ಹೊಳೆ ಎಂದು ಚಿತ್ರದಿಂದ ತಿಳಿಯದು. ಹಳೆಯ ನೆರೆಯ ಶಾಟು ‘ಫೈಲ್’ ಎಂಬ ಸೂಚನೆಯಿಲ್ಲದೆ ಇಂದಿನ ಸುದ್ದಿಯಲ್ಲಿ ಓಡುವ ಅಪಾಯ ಹುಡುಕಾಟ ಸುಲಭವಾದಷ್ಟೂ ಹೆಚ್ಚು. ನಿಜವಾದ ಲಾಠಿ ಪ್ರಹಾರಕ್ಕೂ ಅದನ್ನೇ ನಟಿಸಿದ ಧಾರಾವಾಹಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಬೇಕೆಂದಿಲ್ಲ. ಮುಖದ ಹುಡುಕಾಟ ಇನ್ನೂ ಸೂಕ್ಷ್ಮ. ‘ಸಾರ್ವಜನಿಕರು’ ಎಂದು ಬರೆದು ಬಿಟ್ಟದ್ದು ಉಪೇಕ್ಷೆಯಾಗಿತ್ತು, ನಿಜ. ಆದರೆ ಆ ಉಪೇಕ್ಷೆಯ ಮರೆಯಲ್ಲೇ ಧರಣಿಯಲ್ಲಿ ಕೂತ ರೈತ, ಗಾರ್ಮೆಂಟ್ಸ್ ಮುಷ್ಕರದ ಹೆಣ್ಣುಮಗಳು ಗುರುತು ಸಿಗದೆ ಸುರಕ್ಷಿತವಾಗಿದ್ದರು. ಈಗ ಒಂದು ಫೋಟೊ ಕೊಟ್ಟರೆ ಅವರು ಇದ್ದ ಪ್ರತಿ ಗುಂಪನ್ನೂ ಯಂತ್ರ ಎತ್ತಿ ತೋರಿಸಬಲ್ಲದು. ಯಾರಿಗೆ ಆ ಅನುಮತಿ ಇರಬೇಕು ಎಂಬುದನ್ನು ಸಂಗ್ರಹ ಕಾಯುವವರೇ ಮೊದಲು ತೀರ್ಮಾನಿಸಬೇಕು.

ಲೈಬ್ರರಿಯ ಕೆಲಸ ಹೀಗೆ ಮುಗಿದಿಲ್ಲ, ಬೇರೆ ಕಡೆಗೆ ಸರಿದಿದೆ. ಚಿತ್ರದಲ್ಲಿ ಏನಿದೆ ಎಂದು ಬರೆಯುವ ಶ್ರಮವನ್ನು ಯಂತ್ರಕ್ಕೆ ಬಿಡಬಹುದು. ಯಾವ ದಿನ, ಯಾವ ಊರು, ಯಾರು ತೆಗೆದದ್ದು, ಯಾಕೆ ತೆಗೆದದ್ದು ಎಂಬ ನಾಲ್ಕನ್ನು ಮನುಷ್ಯರೇ ಬರೆಯಬೇಕು, ಅದನ್ನು ಯುನಿಕೋಡ್ ಕನ್ನಡದಲ್ಲಿ ಬರೆಯಬೇಕು, ತೆಗೆದ ದಿನವೇ ಬರೆಯಬೇಕು. ಹಳೆಯ ಟೇಪುಗಳಿಗೆ ಅದನ್ನು ಈಗ ಹೇಳಬಲ್ಲವರು ಅಂದು ಕ್ಯಾಮೆರಾ ಹಿಡಿದವರು, ಶಟಲ್ ಗುಂಡಿ ತಿರುಗಿಸಿದವರು, ಜಿಲ್ಲೆಯಿಂದ ಟೇಪು ಕಳಿಸಿದವರು. ಅವರಲ್ಲಿ ಹಲವರು ನಿವೃತ್ತರಾಗಿ ಊರು ಸೇರಿದ್ದಾರೆ. ಯಂತ್ರ ಹೊರತೆಗೆದ ಶಾಟುಗಳನ್ನು ಅವರ ಮುಂದಿಟ್ಟು ಕೇಳಿ ಬರೆದುಕೊಳ್ಳುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಒಬ್ಬ ಕಿರಿಯ, ಒಂದು ಲ್ಯಾಪ್‌ಟಾಪು, ಬಸ್ಸಿನ ಖರ್ಚು ಸಾಕು.